ಒಂದಿಂಚು ಖಾಲಿ

ವಿರಾಜಪೇಟೆ ಗಡಿಯಾರ ಕಂಬದ ಹಿಂದೆ
ಜೆರಾಕ್ಸ್ ಅಂಗಡಿ, ಟೈಪಿಂಗ್ ಪುಟಕ್ಕೆ ಹದಿನೈದು ರೂಪಾಯಿ.
ನಾನು ಬಾಯಿ ತೆರೆಯುವ ಮೊದಲೇ ನಾಣಯ್ಯಣ್ಣ
ಹೋದ ವರ್ಷ ಯಾರೋ ಮಾಡಿಸಿದ ರೆಸ್ಯೂಮೆ ತೆರೆದರು:
ಶ್ರಮಜೀವಿ, ಶಿಸ್ತಿನ ಸಿಪಾಯಿ, ಬೇಗ ಕಲಿಯುವವನು,
ಹವ್ಯಾಸ ಹಾಕಿ ನೋಡುವುದು.
"ಹೆಸರು ಬದಲಿಸಿದ್ರೆ ಸಾಕು, ಎಲ್ಲರದ್ದೂ ಇದೇ."

ಬದಲಿಸಿದೆ.
ಕೆ. ಎಂ. ರಂಸೀನಾ, ಕೊಂಡಂಗೇರಿ, ಬಿ.ಎ. ಮೂರನೇ ವರ್ಷ.
ಉಳಿದದ್ದು ಯಾರದೋ ಅಂಗಿ,
ಬೆರಳ ತುದಿ ಮುಚ್ಚುವಷ್ಟು ತೋಳುದ್ದ.

ಕೆಲಸ ದೊಡ್ಡದೇನಲ್ಲ. ವಾರಕ್ಕೆ ಆರು ಗಂಟೆ
ಲೈಬ್ರರಿ ಪಕ್ಕದ ಕೋಣೆಯಲ್ಲಿ ಕೂತು
ಹೊಸದಾಗಿ ಸೇರಿದವರಿಗೆ ದಾರಿ ಹೇಳುವುದು.
ತಿಂಗಳಿಗೆ ಎಂಟುನೂರು.
ಬಸ್ ಪಾಸ್ ಆಗುತ್ತದೆ, ಮಿಕ್ಕಿದ್ದಕ್ಕೆ ಒಂದು ಕನ್ನಡಕ.

ಬೋಜಮ್ಮ ಮೇಡಂ ಪೆನ್ಸಿಲ್ ಹಿಡಿದು ಓದಿದರು.
"ಶ್ರಮಜೀವಿ ಅಂತ ಎತ್ತೂ ಬರ್ಕೊಳ್ಳಬಹುದು.
ನೀನು ಏನು ಮಾಡಿದೆ?"
"ಸಹಾಯ ಮಾಡಿದೆ, ಮೇಡಂ."
"ಯಾರಿಗೆ? ಎಷ್ಟು ಜನಕ್ಕೆ? ಆಮೇಲೇನಾಯ್ತು?
ಸಹಾಯ ಅನ್ನೋದು ಕಂಬಳಿ ಮಗಳೇ,
ಒಳಗೆ ಯಾರು ಮಲಗಿದ್ದಾರೆ ಕಾಣೋದಿಲ್ಲ."

ಬಸ್ಸಿನಲ್ಲಿ ಬೆರಳು ಮಡಿಸುತ್ತಾ ಎಣಿಸಿದೆ.
ತುಂಬಿಸಿಕೊಟ್ಟ ಸ್ಕಾಲರ್‌ಶಿಪ್ ಅರ್ಜಿ ಹದಿನೇಳು,
ದುಡ್ಡು ಬಂದದ್ದು ಹನ್ನೊಂದು.
ಆಧಾರಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ
ಒಂದೇ ಒಂದು ದೀರ್ಘ ಹೊಂದದೆ ಬಿದ್ದುಹೋದದ್ದು ಆರು.
ಬಿದ್ದದ್ದನ್ನೂ ಬರಿ, ಅಂದರು.
ಬರೆದೆ.

ಮಾಲ್ದಾರೆಯ ಮುತ್ತನಿಗೆ ಹಾಜರಾತಿ ಕಮ್ಮಿ.
ತೋಟದ ಗೇಟಿನಲ್ಲಿ ಆನೆ ನಿಂತರೆ ಮೊದಲ ಬಸ್ಸು ತಪ್ಪುತ್ತದೆ,
ಬಸ್ಸು ತಪ್ಪಿದರೆ ಎರಡು ಪೀರಿಯಡ್ಡು,
ರಿಜಿಸ್ಟರಿನಲ್ಲಿ ಆನೆಗೆ ಕಾಲಂ ಇಲ್ಲ.
ಅವನೂ ನಾನೂ ಅರಣ್ಯ ಕಚೇರಿಗೆ ಮೂರು ಸಲ ಅಲೆದು
ಇಪ್ಪತ್ಮೂರು ದಿನಕ್ಕೆ ತಾರೀಕು, ಸಹಿ, ಸೀಲು ತಂದೆವು.
ಇದನ್ನು ರೆಸ್ಯೂಮೆ ಭಾಷೆಯಲ್ಲಿ ಏನನ್ನಲಿ?
ಮೇಡಂ ಪೆನ್ಸಿಲ್ ಕಚ್ಚಿ ಯೋಚಿಸಿದರು.
"ಆನೆ ಅಂತಲೇ ಬರಿ. ಓದೋರಿಗೆ ನಿದ್ದೆ ಬಿಡ್ತದೆ."

ಭಾಷೆಗಳು ಅಂತ ಒಂದು ಸಾಲು:
ಮನೆಯಲ್ಲಿ ಕೊಡವ ತಕ್ಕ್, ಮದರಸದ್ದು ಮಲಯಾಳಂ,
ತರಗತಿಗೂ ಜಗಳಕ್ಕೂ ಕನ್ನಡ,
ಇಂಗ್ಲಿಷು ಕಾಗದದ ಮೇಲೆ.
ಯರವರ ಮಾತು ಕೇಳಿದರೆ ತಿಳಿಯುತ್ತದೆ,
ಆಡಿದರೆ ಮುತ್ತ ನಗುತ್ತಾನೆ.
(ನಗುವುದನ್ನು ಮೇಡಂ ಹೊಡೆದುಹಾಕಿದರು.)

ಕೊನೆಯ ಸಾಲಿಗೆ ಬಂದು ಕೈ ನಿಂತಿತು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಒಬ್ಬಳು
ಮೂರು ಸಂಜೆ ನನ್ನೊಡನೆ ಮಾತಾಡಿದಳು.
ನಾನು ನಾಲ್ಕು ಬಸ್ಸು ಬಿಟ್ಟೆ.
ಬುದ್ಧಿ ಹೇಳಲಿಲ್ಲ. ಗೊತ್ತಿರಲಿಲ್ಲ.
ನಾಲ್ಕನೆಯ ದಿನ ಅವಳು ತರಗತಿಯಲ್ಲಿದ್ದಳು,
ಕೊನೆಯ ಬೆಂಚು, ಆದರೂ ಇದ್ದಳು.
ಇದಕ್ಕಿಂತ ದೊಡ್ಡದನ್ನು ನಾನು ಮಾಡಿಯೇ ಇಲ್ಲ,
ಆದ್ದರಿಂದ ಬರೆದೆ, ಹೆಸರು ಬಿಟ್ಟು, ಚೆನ್ನಾಗಿಯೇ ಬರೆದೆ.

ಓದಿ ನೋಡಿದರೆ ಅವಳು ಎದ್ದು ಬರುವಂತಿತ್ತು.
ನಮ್ಮ ಕಡೆ ಹೆಸರು ಬಿಟ್ಟರೆ ಏನೂ ಬಿಟ್ಟಂತಲ್ಲ,
ಯಾವ ಬಸ್ಸು ಅಂದರೆ ಯಾವ ಮನೆ ಅಂತಾರೆ.
ಅಳಿಸಿದೆ.
(ಇಲ್ಲಿ ಹೇಳಿದ್ದರಲ್ಲೂ ಎರಡು ಸುಳ್ಳು ಬೆರೆಸಿದ್ದೇನೆ,
ಹುಡುಕಲು ಹೋಗಬೇಡಿ.)

ಮೇಡಂ ಪುಟದ ಕೆಳಗೆ ಬೆರಳಿಟ್ಟರು.
"ಇಲ್ಲೇನೋ ಇತ್ತು."
"ಇತ್ತು, ಮೇಡಂ."
ನನ್ನ ಮುಖ ನೋಡಿದರು, ಪೆನ್ಸಿಲನ್ನು ಡ್ರಾಯರಿಗೆ ಹಾಕಿದರು.
ಕೆಲಸ ಸಿಗುತ್ತದೋ ಇಲ್ಲವೋ ಅದು ಸೋಮವಾರದ ಮಾತು.

ಅಂಗಡಿಯಲ್ಲಿ ನಾಣಯ್ಯಣ್ಣ ಪರದೆಗೆ ಬಾಗಿ,
"ಕೆಳಗೆ ಒಂದಿಂಚು ಖಾಲಿ ಉಳೀತು.
ಹವ್ಯಾಸ ಹಾಕ್ಲಾ?"
"ಬೇಡಣ್ಣ."
"ಖಾಲಿ ಬಿಟ್ರೂ ಹದಿನೈದೇ, ನೋಡು."
ಕೊಟ್ಟೆ.